ಊಟದ ಬೆಲ್ಲಿನ ಗೆಳೆಯರು

ಹೋದ ವಾರ ಯಲಹಂಕದ ಹಳೇ ಪೇಟೆಯಲ್ಲಿ ಟೈಲರ್ ಅಂಗಡಿ ಮುಂದೆ ಕಾಯುತ್ತಾ ಕೂತಿದ್ದೆ. ಬೆಳಿಗ್ಗೆಯೇ ರೆಡಿ ಇರುತ್ತೆ ಅಂದಿದ್ದ ಬ್ಲೌಸಿಗೆ ಇನ್ನೂ ತೋಳೇ ಕೂಡಿಸಿರಲಿಲ್ಲ. "ಹತ್ತೇ ನಿಮಿಷ ಮಿಸ್, ಕೂತ್ಕೊಳ್ಳಿ" ಅಂತ ಒಂದು ಸ್ಟೂಲು ಎಳೆದು ಕೊಟ್ಟು ಟೈಲರು ಫೋನಿನಲ್ಲಿ ಮುಳುಗಿದ. ಬೈಯೋಣ ಅಂದುಕೊಳ್ಳುವಷ್ಟರಲ್ಲಿ ಪಕ್ಕದ ರಸ್ತೆಯ ಶಾಲೆಯಲ್ಲಿ ಊಟದ ಬೆಲ್ಲು ಹೊಡೆಯಿತು. ಸ್ವಲ್ಪ ಹೊತ್ತಿಗೆ ಆ ವಾಸನೆ ಬಂತು. ನೂರಾರು ಡಬ್ಬಿಗಳ ಮುಚ್ಚಳ ಒಟ್ಟಿಗೆ ತೆಗೆದಾಗ ಮಾತ್ರ ಹುಟ್ಟುವ ವಾಸನೆ: ಚಿತ್ರಾನ್ನ, ನಿಂಬೆ ಉಪ್ಪಿನಕಾಯಿ, ತಣ್ಣಗಾದ ಚಪಾತಿ, ಯಾರದೋ ಮನೆಯ ಮೊಟ್ಟೆ ಪಲ್ಯ, ಎಲ್ಲದರ ಮೇಲೆ ಸ್ಕೂಲ್ ಬ್ಯಾಗಿನ ರೆಕ್ಸಿನ್ನು. ಯಾವ ಹೋಟೆಲಿಗೆ ಹೋದರೂ ಇದು ಸಿಗುವುದಿಲ್ಲ. ನನಗೆ ಬೈಯುವುದು ಮರೆತುಹೋಯಿತು. ಆತ ಇನ್ನೊಂದು ಗಂಟೆ ತಗೊಂಡರೂ ಪರವಾಗಿಲ್ಲ ಅನ್ನಿಸಿ ಕಣ್ಣು ಮುಚ್ಚಿ ಕೂತೆ.

ನಾನು ಲೆಕ್ಕದ ಮಿಸ್. ಕೆರೆ ದಾಟಿ ಸ್ವಲ್ಪ ಮುಂದೆ, ರೈಲ್ವೆ ಹಳಿಯ ಈಚೆಗಿರುವ ಒಂದು ಖಾಸಗಿ ಶಾಲೆಯಲ್ಲಿ ಬಹಳ ವರ್ಷ ಪಾಠ ಮಾಡಿದೆ. ಆ ವರ್ಷಗಳೆಲ್ಲ ಈಗ ಒಂದರೊಳಗೊಂದು ಕಲಸಿಹೋಗಿವೆ. ಯಾವ ಬ್ಯಾಚು, ಯಾವ ರಿಸಲ್ಟು ಅಂತ ಕೇಳಿದರೆ ತಡಕಾಡುತ್ತೇನೆ. ಒಂದು ವರ್ಷ ಮಾತ್ರ ಬೇರೆಯಾಗಿ ನಿಂತಿದೆ. ಕೊರೊನಾ ಕಳೆದು ಮಕ್ಕಳು ಪೂರ್ತಿಯಾಗಿ ಶಾಲೆಗೆ ವಾಪಸ್ ಬಂದ ವರ್ಷ ಅದು. ನನ್ನ ನೆನಪಿನಲ್ಲಿ ಆ ವರ್ಷಕ್ಕೆ ಬಿಸಿಲೇ ಇಲ್ಲ. ಜೂನ್‌ನಲ್ಲಿ ಹಿಡಿದ ಮಳೆ ದೀಪಾವಳಿ ಕಳೆದರೂ ಬಿಡಲಿಲ್ಲ. ಕೆರೆ ತುಂಬಿ ನೀರು ರಸ್ತೆಗೆ ಬಂತು, ಕಾಂಪೌಂಡ್ ಗೋಡೆ ಪೂರ್ತಿ ಪಾಚಿ ಕಟ್ಟಿತು, ಒಣಗದ ಯೂನಿಫಾರಂಗಳ ಹಸಿ ವಾಸನೆಯಲ್ಲೇ ತರಗತಿ ನಡೆಯಿತು. ಮಳೆ ಹೋಯಿತು ಅನ್ನುವಷ್ಟರಲ್ಲಿ ಮಂಜು ಬಂತು. ಬೆಳಿಗ್ಗೆ ಪ್ರಾರ್ಥನೆಗೆ ನಿಂತರೆ ಕೊನೇ ಸಾಲಿನ ಮಕ್ಕಳು ಕಾಣುತ್ತಿರಲಿಲ್ಲ, ಅವರ ಹಾಡು ಮಾತ್ರ ಮಂಜಿನೊಳಗಿಂದ ಬರುತ್ತಿತ್ತು.

ಆ ಮಕ್ಕಳೂ ಹಾಗೇ ಇದ್ದರು, ಅರ್ಧ ಕಾಣುವ ಹಾಗೆ, ಅರ್ಧ ಕಾಣದ ಹಾಗೆ. ಎರಡು ವರ್ಷ ಮನೆಯಲ್ಲಿದ್ದು ಉದ್ದ ಬೆಳೆದಿದ್ದರು, ಆದರೆ ಪಕ್ಕದವರನ್ನು ಮಾತಾಡಿಸುವುದು ಮರೆತಿದ್ದರು. ಏನಾದರೂ ಕೇಳಿದರೆ ಮಾತಾಡಲು ಯಾವುದೋ ಗುಂಡಿ ಒತ್ತಬೇಕು ಅನ್ನುವ ಹಾಗೆ ಡೆಸ್ಕಿನ ಮೇಲೆ ಬೆರಳು ಆಡಿಸುತ್ತಿದ್ದರು. ನಾನು ಕಪ್ಪು ಹಲಗೆಗೆ ಬೆನ್ನು ಕೊಟ್ಟು ನಿಂತು ಆ ನಿಶ್ಶಬ್ದ ನೋಡುತ್ತಿದ್ದೆ. ಗಲಾಟೆ ಮಾಡಬೇಡಿ ಅಂತ ಜೀವನಪೂರ್ತಿ ಕೂಗಿದವಳಿಗೆ, ಸ್ವಲ್ಪ ಗಲಾಟೆ ಮಾಡ್ರೋ ಅಂತ ಬೇಡಿಕೊಳ್ಳಬೇಕು ಅನ್ನಿಸುತ್ತಿತ್ತು.

ನಮ್ಮ ಪ್ರಿನ್ಸಿಪಾಲ್ ವಾಸಂತಿ ಮೇಡಂ ಎಲ್ಲೋ ಒಂದು ತರಬೇತಿಗೆ ಹೋಗಿ ಬಂದವರು ಸ್ಟಾಫ್ ರೂಮಿನಲ್ಲಿ ಉತ್ಸಾಹದಿಂದ ಹೇಳಿದರು: "ಪೀರ್ ಹೆಲ್ಪರ್ಸ್ ಅಂತ ಶುರು ಮಾಡೋಣ. ಮಕ್ಕಳಿಗೆ ಮಕ್ಕಳೇ ಸಹಾಯ. ನಮ್ಮ ಹತ್ರ ಬಾಯಿ ಬಿಡದೇ ಇರೋದನ್ನ ಅವರವರೇ ಹೇಳ್ಕೋತಾರೆ. ಬುಧವಾರದ ಕೊನೇ ಪೀರಿಯಡ್ ಇದಕ್ಕೇ ಕೊಡ್ತೀನಿ."

"ಯಾರು ನೋಡ್ಕೋತಾರೆ ಮೇಡಂ?" ಅಂತ ನಾನು ಕೇಳಿದೆ. ಸ್ಟಾಫ್ ರೂಮಿನಲ್ಲಿ ಈ ಪ್ರಶ್ನೆ ಕೇಳಿದವರೇ ನೋಡಿಕೊಳ್ಳಬೇಕಾಗುತ್ತದೆ ಅನ್ನುವುದು ಗೊತ್ತಿದ್ದೂ ಬಾಯಿ ಸುಮ್ಮನಿರಲಿಲ್ಲ. ಉಳಿದ ಟೀಚರುಗಳು ನೆಮ್ಮದಿಯಾಗಿ ಟೀ ಕುಡಿದರು.

ಶುರುವೇನೋ ಭರ್ಜರಿಯಾಗಿತ್ತು. ಪ್ರತಿ ತರಗತಿಯ ಜಾಣ ಮಕ್ಕಳನ್ನು ಮೇಡಂ ತಾವೇ ಆರಿಸಿದರು. ನೀಲಿ ಬ್ಯಾಡ್ಜು ಬಂತು. ಹಳೆಯ ಕಂಪ್ಯೂಟರ್ ರೂಮಿಗೆ ಹೊಸ ಪರದೆ, ಬಾಗಿಲಿಗೆ ಬಣ್ಣದ ಬೋರ್ಡು, ಒಳಗೆ ಪ್ಲಾಸ್ಟಿಕ್ ಹೂವಿನ ಕುಂಡ. ಒಂದು ತಿಂಗಳಲ್ಲಿ ಆ ರೂಮಿಗೆ ಬಂದ ಒಂದೇ ಜೀವ ಎರಡನೇ ಕ್ಲಾಸಿನ ಒಂದು ಪುಟಾಣಿ. ಅದಕ್ಕೆ ಬೇಕಾಗಿದ್ದದ್ದು ಕಳೆದುಹೋದ ನೀರಿನ ಬಾಟಲು. ಒಂಬತ್ತನೇ ಕ್ಲಾಸಿನಲ್ಲಿ ಯಾವಾಗಲೂ ಫಸ್ಟ್ ಬರುವ ಆದಿತ್ಯ ದಿನಾ ಬ್ಯಾಡ್ಜು ಹಾಕಿಕೊಂಡು ಹೋಗಿ ಅಲ್ಲಿ ಹೋಂವರ್ಕ್ ಮುಗಿಸಿ ಬರುತ್ತಿದ್ದ. "ನಮ್ಮ ಸ್ಕೂಲಲ್ಲಿ ಯಾರಿಗೂ ಪ್ರಾಬ್ಲಮ್ಮೇ ಇಲ್ಲ ಅನ್ಸುತ್ತೆ ಮಿಸ್" ಅಂತ ಅವನು ಸಂತೋಷದಿಂದಲೇ ವರದಿ ಕೊಟ್ಟ.

ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ ಪಾಠ ನಿಲ್ಲಿಸಿ, ಯಾಕ್ರಪ್ಪಾ ಯಾರೂ ಹೋಗ್ತಿಲ್ಲ ಅಂತ ಕೇಳಿಯೇಬಿಟ್ಟೆ. ಹಿಂದಿನ ಬೆಂಚಿನಿಂದ ಭೂಮಿಕಾ ಎದ್ದಳು. ಅವಳು ಕೆಂಪಾಪುರದ ಹುಡುಗಿ. ಅಲ್ಲಿ ಊರು ಊರಾಗಿಯೇ ಇದ್ದಾಗಿನಿಂದ ಇದ್ದ ಮನೆತನ. ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅಪ್ಪ ಕಟ್ಟಿಸಿದ ಬಾಡಿಗೆ ಮನೆಗಳು. ಅಷ್ಟೂ ಬಾಡಿಗೆದಾರರ ನಡುವೆ ಬೆಳೆದವಳಿಗೆ ಬಾಯಿ ಮುಚ್ಚಿ ಕೂರುವುದು ಗೊತ್ತಿರಲಿಲ್ಲ. ಮಾತು ನಿಲ್ಲಲಿ ಅಂತ ಎಷ್ಟೋ ಸಲ ಅವಳ ಜಾಗ ಬದಲಿಸಿದ್ದೆ, ಅದರಿಂದ ಅವಳಿಗೆ ಇಡೀ ಕ್ಲಾಸಿನ ಪರಿಚಯವಾಗಿತ್ತು, ಅಷ್ಟೇ.

"ಮಿಸ್, ಆದಿತ್ಯನ ಹತ್ರ ಹೋಗಿ ನಂಗೆ ಓದಕ್ಕೇ ಮನಸ್ಸಾಗ್ತಿಲ್ಲ ಅಂತ ಹೇಳಕ್ಕಾಗುತ್ತಾ? ಅವನು ಟೈಮ್‌ಟೇಬಲ್ ಹಾಕ್ಕೊಡ್ತಾನೆ. ಆಮೇಲೆ ಆ ರೂಮು! ಅದರೊಳಗೆ ಕಾಲಿಟ್ರೆ ಇವಳಿಗೇನೋ ಆಗಿದೆ ಅಂತ ಇಡೀ ಸ್ಕೂಲಿಗೆ ಗೊತ್ತಾಗುತ್ತೆ. ಬೋರ್ಡ್ ಬೇರೆ ಹಾಕಿದೀರ."

ಕ್ಲಾಸು ನಕ್ಕಿತು. ಆದಿತ್ಯನೂ ನಕ್ಕ, ಒಳ್ಳೆಯ ಹುಡುಗ. ನಾನು ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟು, ಬೇಜಾರಾದಾಗ ಯಾರ ಪಕ್ಕ ಹೋಗಿ ಕೂರಬೇಕು ಅನ್ನಿಸುತ್ತೆ, ಆ ಹೆಸರು ಬರೆಯಿರಿ ಅಂದೆ. ಬೇರೆ ತರಗತಿಗಳಲ್ಲೂ ಹಾಗೇ ಮಾಡಿಸಿದೆ. ಒಂಬತ್ತನೇ ಕ್ಲಾಸಿನ ಚೀಟಿ ಬಿಡಿಸುತ್ತಾ ಹೋದರೆ ಭೂಮಿಕಾ, ಭೂಮಿಕಾ, ಮತ್ತೆ ಭೂಮಿಕಾ. ನನಗೆ ನಂಬಿಕೆ ಬರಲಿಲ್ಲ. ಗುಟ್ಟು ಹೇಳಿಕೊಳ್ಳಲು ಈ ಬಾಯಿಬಡುಕಿಯೇ ಬೇಕಾ? ಅವಳ ಬೆಂಚಿನ ಇನ್ನೊಬ್ಬ ಹುಡುಗಿಯನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದೆ.

"ದಿನಪೂರ್ತಿ ಮಾತಾಡ್ತಾಳೆ ನಿಜ ಮಿಸ್. ಆದ್ರೆ ಬರೀ ಅವಳ ಮನೆ ವಿಷ್ಯ, ಅವಳ ನಾಯಿ ವಿಷ್ಯ. ನಮ್ಮ ವಿಷ್ಯ ಇನ್ನೊಬ್ರ ಹತ್ರ ಆಡಿದ್ದು ನಾನು ಯಾವತ್ತೂ ಕೇಳಿಲ್ಲ."

ಬ್ಯಾಡ್ಜು, ರೂಮು, ಬೋರ್ಡು ಎಲ್ಲ ಹೋಯಿತು. ಹೊಸ ಗುಂಪನ್ನು ಬುಧವಾರ ಮೈದಾನದ ಮೂಲೆಯ ಮಳೆಮರದ ಕೆಳಗೆ ಕೂರಿಸಿದೆ. ಒಬ್ಬರು ತಮ್ಮದೊಂದು ಸಣ್ಣ ಕಷ್ಟ ಹೇಳಬೇಕು, ಇನ್ನೊಬ್ಬರು ಸುಮ್ಮನೆ ಕೇಳಬೇಕು, ಬುದ್ಧಿ ಹೇಳಬಾರದು, ಇಷ್ಟೇ ಪಾಠ. ಇಷ್ಟು ಕಷ್ಟದ ಪಾಠ ನಾನು ಯಾವತ್ತೂ ಮಾಡಿಲ್ಲ. ಬೀಜಗಣಿತ ಇದರ ಮುಂದೆ ಏನೂ ಅಲ್ಲ. ಬಾಯಿ ತೆಗೆದರೆ ಸಾಕು, ಹದಿಮೂರು ಹದಿನಾಲ್ಕರ ಮಕ್ಕಳು ಮದುವೆ ಮನೆಯ ದೊಡ್ಡಪ್ಪಂದಿರಾಗುತ್ತಿದ್ದರು. "ನೋಡಮ್ಮಾ, ಜೀವನ ಅಂದ್ಮೇಲೆ ಇದೆಲ್ಲಾ ಇದ್ದಿದ್ದೇ." "ಅಡ್ಜಸ್ಟ್ ಮಾಡ್ಕೊಂಡು ಹೋಗ್ಬೇಕು ಕಣೋ." "ನಮ್ಮ ಕಾಲದಲ್ಲಿ" ಅಂತ ಒಬ್ಬ ಎಂಟನೇ ಕ್ಲಾಸಿನವನು ಶುರು ಮಾಡಿದಾಗ ನಾನು ಮರದ ಹಿಂದೆ ಹೋಗಿ ನಕ್ಕು ಬಂದೆ. ತಪ್ಪು ಅವರದ್ದಲ್ಲ. ಹುಟ್ಟಿದಾಗಿನಿಂದ ಅವರ ಕಿವಿಗೆ ಬಿದ್ದದ್ದೆಲ್ಲ ಬುದ್ಧಿಮಾತೇ.

ನಮಗೆ ಕೇಳುವುದನ್ನು ಕಲಿಸಿದ್ದು ವಿಮಾನ. ಯಲಹಂಕದಲ್ಲಿ ವಾಯುನೆಲೆಯ ವಿಮಾನ ತಲೆ ಮೇಲೆ ಹಾದರೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಹೊಸ ಟೀಚರುಗಳು ಅದರ ಮೇಲೆ ಕಿರುಚಿ ಗಂಟಲು ಕೆಡಿಸಿಕೊಳ್ಳುತ್ತಾರೆ. ಹಳಬರು ವಾಕ್ಯವನ್ನು ಅರ್ಧಕ್ಕೇ ಬಿಟ್ಟು, ಸೀಮೆಸುಣ್ಣ ಹಿಡಿದ ಕೈ ಎತ್ತಿದಲ್ಲೇ ನಿಲ್ಲಿಸಿ, ಅದು ದೂರವಾದ ಮೇಲೆ ಉಳಿದರ್ಧ ಹೇಳುತ್ತೇವೆ. ಆ ಬುಧವಾರ ಏಳನೇ ಕ್ಲಾಸಿನ ಒಂದು ಹುಡುಗಿ ಭೂಮಿಕಾಳಿಗೆ ತನ್ನ ಪೆನ್ಸಿಲ್ ಬಾಕ್ಸ್ ಕಳೆದುಹೋದ ಕಷ್ಟ ಹೇಳುತ್ತಿದ್ದಳು. ಭೂಮಿಕಾ ಉತ್ತರ ಕೊಡಲು ಬಾಯಿ ತೆಗೆದಳು, ವಿಮಾನ ಬಂತು. ಎಲೆಗಳ ಮೇಲಿದ್ದ ಮಳೆನೀರು ಆ ಸದ್ದಿಗೆ ಹನಿಹನಿಯಾಗಿ ನಮ್ಮ ಮೇಲೆ ಬಿತ್ತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಸುಮ್ಮನೆ ಕೂತೆವು. ಆ ಸದ್ದು ಕರಗಿ, ಜಕ್ಕೂರಿನ ಕಡೆ ಎಲ್ಲೋ ಒಂದು ಗುಂಯ್ ಮಾತ್ರ ಉಳಿದಾಗ ಆ ಹುಡುಗಿ ತಲೆ ತಗ್ಗಿಸಿ, "ಬಾಕ್ಸ್ ಕಳ್ದಿಲ್ಲ ಅಕ್ಕ. ಫ್ರೆಂಡ್ ಆಗ್ತಾಳೆ ಅಂತ ಒಬ್ಳಿಗೆ ಕೊಟ್ಟೆ. ಆಗ್ಲಿಲ್ಲ" ಅಂದಳು.

ಭೂಮಿಕಾ ನನ್ನ ಕಡೆ ತಿರುಗಿದಳು. ಅವಳ ಕಣ್ಣು ಇಷ್ಟಗಲ ಆಗಿತ್ತು. "ಮಿಸ್, ನಾನು ಮಾತಾಡಿದ್ರೆ ಇದು ಬರ್ತಾನೇ ಇರ್ಲಿಲ್ಲ."

ಅವತ್ತಿನಿಂದ ಅದೇ ಅವರ ಅಳತೆಯಾಯಿತು. ಒಬ್ಬರು ಹೇಳಿ ಮುಗಿಸಿದ ಮೇಲೆ ಒಂದು ವಿಮಾನ ಹಾದುಹೋಗುವಷ್ಟು ಹೊತ್ತು ಸುಮ್ಮನಿರಬೇಕು. ಇನ್ನೊಂದು ನಿಯಮವನ್ನೂ ಮಕ್ಕಳೇ ಮಾಡಿದರು. ಸಹಾಯ ಬೇಕಾದವರು ಎಲ್ಲಿಗೂ ಬರುವುದು ಬೇಡ. ಊಟದ ಬೆಲ್ಲು ಹೊಡೆದಾಗ ಗುಂಪಿನವರೇ ಡಬ್ಬಿ ಹಿಡಿದು ದಿನಕ್ಕೊಂದು ಕ್ಲಾಸಿಗೆ, ದಿನಕ್ಕೊಬ್ಬರ ಪಕ್ಕ ಹೋಗಿ ಕೂರುವುದು. ಎಲ್ಲರ ಜೊತೆಗೂ ಕೂತರೆ ಯಾರಿಗೆ ಕಷ್ಟ ಅಂತ ಯಾರಿಗೂ ಗೊತ್ತಾಗಲ್ಲ. ಕೇಳಿದ್ದು ತೀರಾ ಭಾರವಾದದ್ದಾದರೆ ನನ್ನ ಹತ್ತಿರ ತರಬೇಕು, ಅದೂ ಹೇಳಿದವರನ್ನು ಕೇಳಿಕೊಂಡೇ. ಪೀರ್ ಹೆಲ್ಪರ್ಸ್ ಅನ್ನುವ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಊಟದ ಬೆಲ್ಲಿನ ಗೆಳೆಯರು ಅಂತ ಯಾರು ಮೊದಲು ಕರೆದರೋ ಗೊತ್ತಿಲ್ಲ.

ಮಳೆಗಾಲದ ಮಧ್ಯಾಹ್ನಗಳವು. ಮೋಡದಿಂದಾಗಿ ಹಗಲಲ್ಲೇ ಲೈಟು ಹಾಕಿದ ತರಗತಿಗಳು, ಕಿಟಕಿಯಾಚೆ ಬೂದು ಬಣ್ಣದ ಮಳೆ, ಒಳಗೆ ಡಬ್ಬಿಗಳ ವಾಸನೆ. ನಾನು ಕಾರಿಡಾರಿನಲ್ಲಿ ನಿಧಾನವಾಗಿ ನಡೆಯುತ್ತಿದ್ದೆ. ಒಳಗೆ ಯಾರೂ ಏನೂ ಮಾಡುತ್ತಿರುವ ಹಾಗೆ ಕಾಣುತ್ತಿರಲಿಲ್ಲ. ಇಬ್ಬರು ಮಕ್ಕಳು ಊಟ ಮಾಡುತ್ತಿದ್ದಾರೆ, ಅಷ್ಟೇ. ಅಷ್ಟನ್ನು ನೋಡುವುದರಲ್ಲೇ ನನಗೆ ಒಂಥರಾ ನಿದ್ದೆ ಬಂದ ಹಾಗೆ ಸುಖವಾಗುತ್ತಿತ್ತು.

ಎಂಟನೇ ಕ್ಲಾಸಿನ ಇಂಚರ ನಮ್ಮ ಮುಂದೆ ಬಂದದ್ದು ಅಂಥ ಒಂದು ಮಧ್ಯಾಹ್ನ. ಹೆಸರು ಬದಲಿಸಿದ್ದೇನೆ, ಕೇಳಬೇಕಾದವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಸಹಕಾರನಗರದ ಕಡೆಯ ಅಪಾರ್ಟ್‌ಮೆಂಟಿನ ಹುಡುಗಿ, ಮುಖದಲ್ಲಿ ಯಾವಾಗಲೂ ಈಗಷ್ಟೇ ಎದ್ದು ಬಂದ ಮಂಪರು. ಡಬ್ಬಿ ತರುತ್ತಿರಲಿಲ್ಲ. ದಿನಾ ಬೇಕರಿಯ ಬನ್ನು, ಅದೇ ಪ್ಲಾಸ್ಟಿಕ್ ಕವರು. "ಅಮ್ಮ ಊರಿಗೆ ಹೋಗಿದಾರೆ" ಅನ್ನುತ್ತಿದ್ದಳು. ಮಕ್ಕಳು ಅವಳಿಗೆ ಬನ್ನು ಅಂತಲೇ ಹೆಸರಿಟ್ಟಿದ್ದರು. ಭೂಮಿಕಾ ಅವಳ ಪಕ್ಕ ಕೂತು ತನ್ನ ನಾಯಿಯ ಕತೆ ಹೇಳಿದಳು, ಮುದ್ದೆ ತಿನ್ನದ ತಮ್ಮನ ಕತೆ ಹೇಳಿದಳು, ಡಬ್ಬಿಯ ಅರ್ಧ ಹಂಚಿದಳು, ಆಮೇಲೆ ಸುಮ್ಮನಾದಳು. ಹಾಗೆ ಎಷ್ಟು ದಿನ ಸುಮ್ಮನೆ ಕೂತಳೋ. ಕೊನೆಗೆ ಒಂದು ದಿನ ಇಬ್ಬರೂ ಕೈ ಹಿಡಿದುಕೊಂಡು ನನ್ನ ಖಾಲಿ ಕ್ಲಾಸಿನ ಬಾಗಿಲಲ್ಲಿ ನಿಂತರು. ಭೂಮಿಕಾ ಒಂದು ಮಾತೂ ಆಡಲಿಲ್ಲ. ಇಂಚರಾನೇ ಹೇಳಿದಳು.

"ಅಮ್ಮ ಊರಿಗೆ ಹೋಗಿಲ್ಲ ಮಿಸ್. ಆಸ್ಪತ್ರೇಲಿ ಇದಾರೆ. ಮನಸ್ಸಿನ ಆಸ್ಪತ್ರೆ."

ಮಾರನೇ ದಿನ ಅವಳ ಅಪ್ಪ ಬಂದರು. ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಷರಟು, ಹಾಕುವಾಗ ಗುಂಡಿ ಮಾತ್ರ ಒಂದು ಹೆಚ್ಚುಕಮ್ಮಿಯಾಗಿತ್ತು. ಮಗಳು ಹೇಳಿಬಿಟ್ಟಳು ಅಂತ ಅವರಿಗೆ ಕೋಪಕ್ಕಿಂತ ಗಾಬರಿ. ಹೆಂಡತಿಗೆ ವಾಸಿಯಾಗುತ್ತಿದೆ, ಸಂಕ್ರಾಂತಿ ಹೊತ್ತಿಗೆ ಮನೆಗೆ ಕಳಿಸಬಹುದು ಅಂತ ಡಾಕ್ಟರು ಹೇಳಿದ್ದಾರೆ, ಅಲ್ಲಿಯವರೆಗೆ ಹೇಗೋ ದಾಟಬೇಕು ಅಂದರು.

"ಅಪಾರ್ಟ್‌ಮೆಂಟಲ್ಲಿ ಗೊತ್ತಾದ್ರೆ ಲಿಫ್ಟಲ್ಲಿ ನೋಡೋ ನೋಟಾನೇ ಬದಲಾಗುತ್ತೆ ಮಿಸ್. ಅವಳು ವಾಪಸ್ ಬಂದ್ಮೇಲೆ ಆ ನೋಟದ ಮಧ್ಯೆ ಬದುಕಬೇಕಲ್ಲ. ಇನ್ನೊಬ್ರಿಗೆ ಗೊತ್ತಾದ್ರೂ ಇವಳನ್ನ ತುಮಕೂರಿನ ನಮ್ಮ ಅಕ್ಕನ ಮನೆಗೆ ಕಳಿಸ್ಬಿಡ್ತೀನಿ. ಆಗ ಟಿಸಿ ಕೊಟ್ಬಿಡಿ."

ಇಂಚರ ಅಳಲಿಲ್ಲ. ಅಪ್ಪನ ಕಡೆ ನೋಡದೆ ನನಗೆ ಹೇಳಿದಳು: "ಅಮ್ಮ ಬಂದಾಗ ನಾನು ಮನೇಲಿ ಇರ್ಬೇಕು ಮಿಸ್. ಬಾಗಿಲು ನಾನೇ ತೆಗೀಬೇಕು."

ಯಾರಿಗೂ ಗೊತ್ತಾಗಲ್ಲ, ನಾನು ನೋಡಿಕೊಳ್ಳುತ್ತೇನೆ ಅಂತ ಆ ಮನುಷ್ಯನಿಗೆ ಮಾತು ಕೊಟ್ಟೆ. ಕೊಟ್ಟ ಮೇಲೆ ಹೊಳೆಯಿತು: ಆ ಮಾತನ್ನು ಉಳಿಸಬೇಕಾದವಳು ನಾನೊಬ್ಬಳೇ ಅಲ್ಲ, ನನ್ನ ಶಾಲೆಯ ಮಹಾ ಮಾತುಗಾತಿಯೂ ಹೌದು. ಭೂಮಿಕಾಳನ್ನು ಕರೆದು ಏನೋ ಎಚ್ಚರಿಕೆ ಹೇಳಲು ಹೊರಟೆ. ಅವಳು, "ಗೊತ್ತು ಮಿಸ್" ಅಂದು ಓಡಿದಳು.

ಅಲ್ಲಿಂದ ಡಿಸೆಂಬರ್ ತನಕ ದಿನಗಳು ಮಂಜಿನೊಳಗೆ ನಡೆದ ಹಾಗೆ ಸದ್ದಿಲ್ಲದೆ ನಡೆದವು. ಇಂಚರಳ ಮುಖದಲ್ಲಿ ಸ್ವಲ್ಪ ಬೆಳಕು ಬಂತು. ವಾರ್ಷಿಕೋತ್ಸವದ ಗುಂಪು ನೃತ್ಯಕ್ಕೆ ಹೆಸರು ಕೊಟ್ಟಳು. ಇದೆಲ್ಲ ಒಳ್ಳೆಯದೇ. ಆದರೆ ನಮ್ಮ ಕಡೆ ಒಳ್ಳೆಯದು ನಡೆದರೆ ಅದಕ್ಕೆ ಶಾಲು ಹೊದಿಸದೆ ಬಿಡುವುದಿಲ್ಲವಲ್ಲ. ಶಾಲೆಯ ಸೆಕ್ರೆಟರಿ ಮುನಿರಾಜಪ್ಪನವರಿಗೆ ಸನ್ಮಾನ ಮಾಡುವುದೆಂದರೆ ಪ್ರಾಣ. ಈ ಜಾಗ ಅವರ ತಂದೆಯ ಹೊಲವಾಗಿತ್ತು, ಶಾಲೆಗೆ ಅಂತ ಬಿಟ್ಟುಕೊಟ್ಟವರು. ವಾಚ್‌ಮನ್ ಮಗಳು ಪಾಸಾದರೂ ಹಾರ, ಬೋರ್‌ವೆಲ್‌ನಲ್ಲಿ ನೀರು ಬಿದ್ದರೂ ಹಾರ. ಮಕ್ಕಳ ಗುಂಪಿನ ವಿಷಯ ಕೇಳಿ ಅವರಿಗೆ ಬಹಳ ಖುಷಿಯಾಗಿತ್ತು. ಸಹಾಯ ಮಾಡಿದವರು, ಪಡೆದವರು, ಇಬ್ಬರನ್ನೂ ವೇದಿಕೆಗೆ ಕರೆದು ಸನ್ಮಾನಿಸೋಣ ಅಂದಿದ್ದರಂತೆ.

ನಾನು ವಾಸಂತಿ ಮೇಡಂ ಮುಂದೆ ಹೋಗಿ, ಪಡೆದವರನ್ನು ಕರೆದರೆ ಎಲ್ಲಾ ಮುಗೀತು ಮೇಡಂ, ದಯವಿಟ್ಟು ಬೇಡ ಅಂದೆ. ಕಾರಣ ಹೇಳುವ ಹಾಗಿರಲಿಲ್ಲ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮುಂದಿನ ವರ್ಷಾನೂ ಈ ಪೀರಿಯಡ್ ಬೇಕೋ ಬೇಡ್ವೋ ನಿಮಗೆ? ಎಸ್ಸೆಸ್ಸೆಲ್ಸಿ ಕೋಚಿಂಗ್‌ಗೆ ಕೊಡಿ ಅಂತ ಎಲ್ರೂ ಕೇಳ್ತಿದಾರೆ. ಸೆಕ್ರೆಟರಿ ಒಬ್ರು ಇಷ್ಟಪಟ್ಟಿದಾರೆ, ಅದಕ್ಕೇ ಉಳಿದಿದೆ." ಕೊನೆಗೆ, ಆಯಿತು, ಭೂಮಿಕಾ ಒಬ್ಬಳಿಗೇ ಶಾಲು ಅಂತ ಒಪ್ಪಿದರು.

ವಾರ್ಷಿಕೋತ್ಸವದ ಸಂಜೆ ಮೈದಾನದಲ್ಲಿ ಶಾಮಿಯಾನ, ಬಣ್ಣದ ದೀಪ, ಆ ದೀಪಗಳ ಸುತ್ತ ಇಬ್ಬನಿಯ ಹೊಗೆ. ನನಗೆ ವೇದಿಕೆಯ ಪಕ್ಕದ ಪರದೆಯ ಹಿಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಕೆಲಸ. ಇಂಚರ ನವಿಲಿನ ವೇಷದಲ್ಲಿ ನನ್ನ ಪಕ್ಕವೇ ನಿಂತಿದ್ದಳು, ತುಟಿಗೆ ಬಣ್ಣ, ಸೊಂಟಕ್ಕೆ ನೀಲಿ ಗರಿ. ಸಭೆಯ ಕೊನೆಯಲ್ಲಿ ಅವಳ ಅಪ್ಪ ವಿಡಿಯೋ ತೆಗೆಯಲು ಫೋನು ಹಿಡಿದು ತಯಾರಾಗಿದ್ದರು. ಭೂಮಿಕಾಳ ಹೆಸರು ಕೂಗಿದರು. ಅವಳು ಎರಡು ಜಡೆಗೆ ಕನಕಾಂಬರ ಮುಡಿದು ಮೆಟ್ಟಿಲು ಹತ್ತಿದಳು. ಮುನಿರಾಜಪ್ಪನವರು ಶಾಲು ಬಿಡಿಸಿದವರು, ಹೊದಿಸುವ ಮುಂಚೆ ಯಾಕೋ ನಿಂತು, ಮೈಕು ಹತ್ತಿರಕ್ಕೆ ಎಳೆದುಕೊಂಡರು.

"ಇಂಗೆ ಒಬ್ರಿಗೊಬ್ರು ಆಗೋ ಮಕ್ಳು ನಮ್ ಸ್ಕೂಲ್ನಾಗವ್ರೆ ಅಂದ್ರೆ ನಂಗೆ ಒಟ್ಟೆ ತುಂಬೈತೆ. ಏ ಮಗಾ, ನೀನು ಯಾರ್ಗೆ ಎಲ್ಪ್ ಮಾಡಿದ್ಯೋ ಅವ್ರನ್ನೂ ಕರಿ. ಅವ್ರಿಗೂ ಒಂದು ಶಾಲು ಆಕ್ಬುಡಾಣ. ಯಾರವ್ವಾ ಅದು? ಎಸ್ರು ಏಳು."

ಮೈಕು ಅವಳ ಬಾಯಿಯ ಮುಂದೆ ಬಂತು. ನನ್ನ ಸೀರೆಯ ಸೆರಗನ್ನು ಯಾರೋ ಹಿಡಿದೆಳೆದ ಹಾಗಾಯಿತು. ನೋಡಿದರೆ ಇಂಚರ. ಬಣ್ಣದ ಕೆಳಗೆ ಅವಳ ಮುಖ ಬೆಳ್ಳಗಾಗಿತ್ತು, ಮುಷ್ಟಿಯಲ್ಲಿ ನನ್ನ ಸೆರಗು. ನನಗೆ ವೇದಿಕೆಗೆ ನುಗ್ಗಬೇಕು ಅನ್ನಿಸಿತು. ಆದರೆ ನಾನು ಹೋಗಿ ತಡೆದರೆ, ಏನೋ ಇದೆ ಅಂತ ನಾನೇ ತೋರಿಸಿಕೊಟ್ಟ ಹಾಗಾಗುತ್ತಿತ್ತು. ಭೂಮಿಕಾ ಮೈಕು ನೋಡಿದಳು, ಸಭೆ ನೋಡಿದಳು. ನಮ್ಮ ಕಡೆ ಮಾತ್ರ ನೋಡಲಿಲ್ಲ. ಎಷ್ಟು ಬೇಕೋ ಅಷ್ಟು ಹೊತ್ತು ಸುಮ್ಮನೆ ನಿಂತಳು.

"ಹೇಳಲ್ಲ ಸಾರ್."

ಸ್ಪೀಕರುಗಳಲ್ಲಿ ಅದು ಮೈದಾನದ ತುಂಬ ಕೇಳಿತು. ಯಾರೋ ಕಿಸಕ್ಕೆಂದರು. ಮುನಿರಾಜಪ್ಪನವರು, "ನಾಚ್ಕೋಬೇಡ, ಏಳವ್ವಾ" ಅಂದರು.

"ನಾಚ್ಕೆ ಅಲ್ಲ ಸಾರ್. ಹೇಳಲ್ಲ ಅಂತ ಮಾತು ಕೊಟ್ಟಿದೀನಿ. ನಮ್ಮ ಅಪ್ಪ ಕೇಳಿದ್ರೂ ಹೇಳಿಲ್ಲ."

ವಾಸಂತಿ ಮೇಡಂ ಕುರ್ಚಿಯಿಂದ ಅರ್ಧ ಎದ್ದರು. ಮುನಿರಾಜಪ್ಪನವರು ಬಿಡಿಸಿದ ಶಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ಆ ವೇದಿಕೆಯ ಮೇಲೆ ಅವರಿಗೆ ಇಲ್ಲ ಅಂದವರು ಇರಲಿಲ್ಲ. ಮುಖ ಒಂದು ಕ್ಷಣ ಬಿಗಿಯಿತು, ಮಗುವಿನ ಹಾಗೆ ಮುನಿಸು ಬಂತು. ಆಮೇಲೆ ಶಾಲನ್ನು ಅವಳ ಹೆಗಲಿಗೆ ಹಾಕಿ, ಮೈಕಿಗೆ ಅಲ್ಲ ಅವಳಿಗೇ ಅನ್ನುವ ಹಾಗೆ, ಆದರೆ ಮೈಕಿಗೂ ಕೇಳುವ ಹಾಗೆ ಹೇಳಿದರು: "ಮಾತು ಕೊಟ್ಟಿದ್ದೀಯ ಅಂದ್ಮೇಲೆ ನಾನ್ ಕೇಳಿದ್ರೂ ಏಳ್ಬೇಡ ಬುಡು." ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿತ್ತು, ದೊಡ್ಡವರಿಗೆ ಏನಾಯಿತು ಅಂತಲೇ ಗೊತ್ತಾಗಿರಲಿಲ್ಲ. ನನ್ನ ಸೆರಗು ಸಡಿಲವಾಯಿತು. ಇಂಚರ ಮುದುಡಿದ ಸೆರಗನ್ನು ಕೈಯಿಂದ ಉಜ್ಜಿ ಸರಿಮಾಡಿ, ನವಿಲಾಗಿ ಕುಣಿಯಲು ಹೋದಳು. ನನಗೆ ಅಳು ತಡೆಯಲಾಗಲಿಲ್ಲ. ಪರದೆಯ ಹಿಂದೆ ಯಾರೂ ನೋಡದ ಹಾಗೆ ಅತ್ತೆ.

ಮಾರನೇ ದಿನ, ಶನಿವಾರ, ಮೇಡಂ ಕರೆದು ಚೆನ್ನಾಗಿ ಕ್ಲಾಸು ತಗೊಂಡರು. ಸೆಕ್ರೆಟರಿಗೆ ಎಲ್ಲರ ಮುಂದೆ ಹಾಗಾ ಮಾತಾಡೋದು, ಇದೇನಾ ನೀವು ಕಲಿಸಿದ್ದು ಅಂದರು. ಹೌದು ಮೇಡಂ, ಇದೇ ಕಲಿಸಿದ್ದು ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಬುಧವಾರದ ಪೀರಿಯಡ್ಡು ಹೋಯಿತು ಅಂತಲೇ ತಿಳಿದುಕೊಂಡೆ.

ಸೋಮವಾರ ಊಟದ ಬೆಲ್ಲಿಗೆ ಇನ್ನೂ ಹತ್ತು ನಿಮಿಷ ಇತ್ತು. ಸ್ಟಾಫ್ ರೂಮಿನ ಬಾಗಿಲಲ್ಲಿ ಹತ್ತನೇ ಕ್ಲಾಸಿನ ಕಬಡ್ಡಿ ಕ್ಯಾಪ್ಟನ್ ನಿಂತಿದ್ದ. ಮೀಸೆ ಚಿಗುರಿದ, ಬಾಗಿಲಿಗೆ ಅಡ್ಡವಾಗುವಂಥ ದೇಹ. ಯಾರಿಗೂ ಹೆದರದವನು ಅವತ್ತು ಸುತ್ತ ನೋಡಿ ಮೆತ್ತಗೆ ಕೇಳಿದ: "ಮಿಸ್, ಆ ಶಾಲು ಹಾಕಿಸ್ಕೊಂಡ್ಳಲ್ಲ ಹುಡುಗಿ, ಅವಳು ಇವತ್ತು ಯಾವ ಕ್ಲಾಸಲ್ಲಿ ಊಟಕ್ಕೆ ಕೂರ್ತಾಳೆ?" ಅವನು ಹೋದ ಮೇಲೆ ಇನ್ನೊಬ್ಬಳು ಬಂದಳು. ಆ ವಾರ ಗುಂಪಿನವರಿಗೆ ಡಬ್ಬಿ ಖಾಲಿ ಮಾಡಲು ಪುರುಸೊತ್ತಾಗಲಿಲ್ಲ. ಮೈದಾನದಲ್ಲಿ ಮುನ್ನೂರು ಮಕ್ಕಳಿದ್ದರೋ ನಾನೂರಿದ್ದರೋ, ಒಬ್ಬಳು ಬಾಯಿ ಬಿಡದೆ ನಿಂತದ್ದನ್ನು ಎಲ್ಲರೂ ನೋಡಿದ್ದರು, ದೊಡ್ಡವರಿಗೆ ಅರ್ಥವಾಗದ್ದು ಅವರಿಗೆ ಆಗಿತ್ತು. ಜನವರಿಯಲ್ಲಿ ಏಳನೇ ಕ್ಲಾಸಿನವರು ತಾವಾಗಿಯೇ ಚೀಟಿ ಬರೆದು ಮುಂದಿನ ವರ್ಷಕ್ಕೆ ಹೊಸಬರನ್ನು ಆರಿಸಿದರು. ಭೂಮಿಕಾ ಅವರನ್ನು ಮರದ ಕೆಳಗೆ ಕೂರಿಸಿ ಸುಮ್ಮನಿರುವುದನ್ನು ಕಲಿಸಿದಳು, ಅದಕ್ಕೆ ಮುಕ್ಕಾಲು ಗಂಟೆ ಎಡೆಬಿಡದೆ ಮಾತಾಡಿದಳು. ಪೀರಿಯಡ್ ಕೋಚಿಂಗ್‌ಗೆ ಹೋಗಲಿಲ್ಲ. ಮೇಡಂ ಆ ಬಗ್ಗೆ ಮತ್ತೆ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ.

ಆ ತಿಂಗಳ ಕೊನೆಯ ಪೇರೆಂಟ್ಸ್ ಮೀಟಿಂಗ್ ದಿನ ರಸ್ತೆಯ ಮರಗಳೆಲ್ಲ ಎಲೆ ಉದುರಿಸಿ ಗುಲಾಬಿ ಹೂ ಬಿಟ್ಟಿದ್ದವು. ಒಂದಷ್ಟು ಹೂ ಕಿಟಕಿಯೊಳಗೂ ಬಿದ್ದಿತ್ತು. ನನ್ನ ಮೇಜಿನ ಮುಂದೆ ಸಾಲು. ಇಂಚರ ಒಬ್ಬ ಹೆಂಗಸಿನ ಕೈ ಹಿಡಿದುಕೊಂಡು ಬಂದಳು. ತೆಳ್ಳಗಿನ ಮುಖ, ಎಣ್ಣೆ ಹಾಕಿ ಬಾಚಿದ ತಲೆ, ದೊಗಳೆಯಾದ ಬಳೆಗಳು. ಕುರ್ಚಿಯ ತುದಿಯಲ್ಲಿ ಕೂತರು. ಮಗಳ ಮಾರ್ಕ್ಸು, ಹಾಜರಿ, ಲೆಕ್ಕದಲ್ಲಿ ಇನ್ನೂ ಎಲ್ಲಿ ತಡವರಿಸುತ್ತಾಳೆ, ಎಲ್ಲ ಹೇಳಿದೆ. ಅವರು ತಲೆಯಾಡಿಸುತ್ತಾ ಕೇಳಿದರು.

"ನಾನು ಒಂದಷ್ಟು ತಿಂಗಳು ಇಲ್ಲಿರ್ಲಿಲ್ಲ ಮಿಸ್" ಅಂದರು. "ಎಲ್ರಿಗೂ ಗೊತ್ತಾಗಿರ್ಬೇಕು."

"ಇಲ್ಲಮ್ಮಾ" ಅಂದೆ. "ಸ್ಕೂಲಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಊರಿಗೆ ಹೋಗಿದ್ರಿ ಅಂತ ಅಷ್ಟೇ."

ಇಂಚರ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಅಮ್ಮ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು, ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದು ಕೂತರು. ಏನೋ ಯೋಚಿಸಿದರು. ಆಮೇಲೆ, ಹಿಂದೆ ನಿಂತವರು ಕೇಳಿಸಿಕೊಂಡರೂ ಪರವಾಗಿಲ್ಲ ಅನ್ನುವಂಥ ಸಾದಾ ದನಿಯಲ್ಲಿ, "ಊರಿಗೆ ಹೋಗಿರ್ಲಿಲ್ಲ ಮಿಸ್, ಆಸ್ಪತ್ರೇಲಿದ್ದೆ. ನಂಗೆ ಮನಸ್ಸು ಸರಿ ಇರ್ಲಿಲ್ಲ. ಹೇಳ್ತೀನಿ ಇರಿ" ಅಂದರು.

ಸಾಲಿನಲ್ಲಿ ಇನ್ನೂ ಐದಾರು ಜನ ಕಾಯುತ್ತಿದ್ದರು. ಕಾಯಲಿ ಅಂತ ಪೆನ್ನು ಮುಚ್ಚಿ ಕೆಳಗಿಟ್ಟೆ.